ಗೀರು ಬಿದ್ದ ಸಿ.ಡಿ.: ಮನೆಯಲ್ಲೇ ದುರಸ್ತಿ, ದತ್ತಾಂಶದ ರಕ್ಷಣೆ

ವಿರಾಜಪೇಟೆ ಸುತ್ತಮುತ್ತಲ ಮನೆಗಳ ಕಪಾಟುಗಳಲ್ಲಿ ಮದುವೆ, ನಾಮಕರಣ, ಪುತ್ತರಿ ಕೋಲಾಟ ಹಾಗೂ 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಗಳ ಸಿ.ಡಿ., ಡಿ.ವಿ.ಡಿ.ಗಳು ಇಂದಿಗೂ ಉಳಿದಿವೆ. ಗತಿಸಿದ ಹಿರಿಯರ ಧ್ವನಿ ಕೆಲವು ಕುಟುಂಬಗಳಲ್ಲಿ ಈ ಬಿಲ್ಲೆಗಳಲ್ಲಿ ಮಾತ್ರ ಉಳಿದಿದೆ. ಗೀರು ಬಿದ್ದು ನಿಂತುಹೋಗುವ ಬಿಲ್ಲೆಯನ್ನು ಎಸೆಯುವ ಅಗತ್ಯವಿಲ್ಲ. ಸರಿಯಾದ ಕ್ರಮದಲ್ಲಿ ಪ್ರಯತ್ನಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಪೂರ್ಣವಾಗಿ ಅಲ್ಲದಿದ್ದರೂ ಬಹುಭಾಗವನ್ನು ಉಳಿಸಿಕೊಳ್ಳಬಹುದು.

ರಚನೆ ಹೇಗೆ?

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ವ್ಯಾಸ 120 ಮಿ.ಮೀ., ದಪ್ಪ 1.2 ಮಿ.ಮೀ. ಇದರ ಬಹುಭಾಗ ಪಾರದರ್ಶಕ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮಾಹಿತಿ ಇರುವ ಪದರವು ಹೊಳೆಯುವ ತಳಭಾಗದಲ್ಲಿರದೆ, ಹೆಸರು ಬರೆಯುವ ಮೇಲ್ಭಾಗದ ಕೆಳಗೇ ಇರುತ್ತದೆ. ಅದಕ್ಕೆ ತೆಳುವಾದ ಅರಗಿನ ಲೇಪನವೊಂದೇ ರಕ್ಷಣೆ. ಡಿ.ವಿ.ಡಿ.ಯಲ್ಲಾದರೋ ಈ ಪದರವು ತಲಾ 0.6 ಮಿ.ಮೀ. ದಪ್ಪದ ಎರಡು ಬಿಲ್ಲೆಗಳ ನಡುವೆ ಸುರಕ್ಷಿತವಾಗಿರುತ್ತದೆ.

ತಳಭಾಗದ ಗೀರು ಲೇಸರ್ ಕಿರಣವನ್ನು ಚದುರಿಸುತ್ತದೆಯೇ ಹೊರತು ಮಾಹಿತಿಯನ್ನು ಅಳಿಸುವುದಿಲ್ಲ. ಆದ್ದರಿಂದ ಅದು ದುರಸ್ತಿಗೆ ಒಳಪಡುತ್ತದೆ. ಸಿ.ಡಿ.ಯ ಮೇಲ್ಭಾಗ ಕೆರೆದುಹೋಗಿದ್ದರೆ ಆ ಭಾಗದ ಮಾಹಿತಿ ಶಾಶ್ವತವಾಗಿ ನಷ್ಟವಾದಂತೆಯೇ. ಬಿಲ್ಲೆಯನ್ನು ದೀಪಕ್ಕೆ ಹಿಡಿದಾಗ ಸೂಜಿಮೊನೆಯಂತಹ ಬೆಳಕಿನ ಚುಕ್ಕೆಗಳು ಕಂಡರೆ ಪದರ ಕಿತ್ತುಹೋಗಿದೆ ಎಂದರ್ಥ.

ಸಿ.ಡಿ.ಯಲ್ಲಿರುವ ದೋಷ ಸರಿಪಡಿಸುವ ವ್ಯವಸ್ಥೆಯು ಸುರುಳಿಯ ಉದ್ದಕ್ಕೆ ಸುಮಾರು 2.5 ಮಿ.ಮೀ.ವರೆಗಿನ ನಷ್ಟವನ್ನು ತುಂಬಿಕೊಳ್ಳಬಲ್ಲದು. ಹೀಗಾಗಿ ಕೇಂದ್ರದಿಂದ ಅಂಚಿಗೆ ನೇರವಾಗಿ ಎಳೆದ ಗೀರಿಗಿಂತ ವೃತ್ತಾಕಾರದ ಗೀರು ಹೆಚ್ಚು ಅಪಾಯಕಾರಿ.

ಮೊದಲು ಶುಚಿ

ಕೊಡಗಿನ ಮಳೆಗಾಲದ ತೇವದಲ್ಲಿ ಗೀರಿಗಿಂತ ಬೂಷ್ಟು, ಧೂಳು, ಬೆರಳಚ್ಚುಗಳೇ ತೊಂದರೆಗೆ ಕಾರಣವಾಗುವುದುಂಟು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೃದುವಾದ ಹತ್ತಿ ಬಟ್ಟೆಯಿಂದ ಕೇಂದ್ರದಿಂದ ಅಂಚಿನತ್ತ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಬಾರದು. ನಂತರ ಶುದ್ಧ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಒಲೆಯ ಬಳಿ ಅಥವಾ ಬಿಸಿಲಿನಲ್ಲಿ ಇಟ್ಟರೆ ಬಿಲ್ಲೆ ಬಾಗುತ್ತದೆ. ಪೆಟ್ರೋಲ್, ತಿನ್ನರ್‌ಗಳನ್ನು ಬಳಸಲೇಬಾರದು.

ಉಜ್ಜುವ ಮೊದಲೇ ಪ್ರತಿ

ಶುಚಿಗೊಳಿಸಿದ ಬಿಲ್ಲೆಯನ್ನು ಪ್ಲೇಯರ್‌ನಲ್ಲಿ ಮತ್ತೆ ಮತ್ತೆ ಓಡಿಸದೆ ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳಬೇಕು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರುವುದು ಅಪರೂಪವಾದ್ದರಿಂದ ಯು.ಎಸ್.ಬಿ. ಮೂಲಕ ಜೋಡಿಸುವ ಡ್ರೈವ್ ಬೇಕಾಗುತ್ತದೆ. ಒಂದು ಡ್ರೈವ್ ಓದದ ಬಿಲ್ಲೆಯನ್ನು ಮತ್ತೊಂದು ಓದುವುದುಂಟು. ಬಿರುಕು ಬಿಟ್ಟ ಬಿಲ್ಲೆಯನ್ನು ಮಾತ್ರ ಹಾಕಬಾರದು. 52 ಪಟ್ಟು ವೇಗದ ಡ್ರೈವ್‌ನಲ್ಲಿ ಬಿಲ್ಲೆಯು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುವುದರಿಂದ ಅದು ಸಿಡಿದು ಚೂರಾಗಬಹುದು.

ಸಾಮಾನ್ಯ ರೀತಿಯ ನಕಲು ಮೊದಲ ದೋಷಕ್ಕೇ ನಿಂತುಬಿಡುತ್ತದೆ. ಉಚಿತ ತಂತ್ರಾಂಶವಾದ ಜಿ.ಎನ್.ಯು. ಡಿಡಿರೆಸ್ಕ್ಯೂ ಹಾಗಲ್ಲ. ಅದು ಮೊದಲು ಸುಲಭವಾಗಿ ಸಿಗುವ ಭಾಗಗಳನ್ನೆಲ್ಲ ಓದಿ, ಕೆಟ್ಟ ಭಾಗಗಳಿಗೆ ಅನಂತರ ಮರಳುತ್ತದೆ. ಎಲ್ಲಿಯವರೆಗೆ ಓದಲಾಗಿದೆ ಎಂಬುದನ್ನು ನಕ್ಷೆ ಕಡತದಲ್ಲಿ ದಾಖಲಿಸುವುದರಿಂದ, ಮಳೆಗಾಲದಲ್ಲಿ ನಡುವೆ ವಿದ್ಯುತ್ ಕೈಕೊಟ್ಟರೂ ಕೆಲಸವನ್ನು ಬಿಟ್ಟಲ್ಲಿಂದ ಮುಂದುವರಿಸಬಹುದು. ಅದೇ ನಕ್ಷೆಯನ್ನು ಬಳಸಿ ಇನ್ನೊಂದು ಡ್ರೈವ್‌ನಿಂದ ಉಳಿದ ಭಾಗಗಳನ್ನು ತುಂಬಲೂ ಸಾಧ್ಯ. ಇದರಲ್ಲಿ ಖಂಡದ ಗಾತ್ರವನ್ನು 2048 ಬೈಟ್ ಎಂದು ಸೂಚಿಸಬೇಕು.

ಹಳೆಯ ಮದುವೆ ಚಿತ್ರಗಳು ಹಲವೆಡೆ ವಿ.ಸಿ.ಡಿ. ರೂಪದಲ್ಲಿವೆ. ಅವುಗಳ ಬರವಣಿಗೆಯ ಕ್ರಮವೇ ಬೇರೆಯಾದ್ದರಿಂದ ವಿಂಡೋಸ್‌ನಲ್ಲಿ ಐಸೊಬಸ್ಟರ್ ತಂತ್ರಾಂಶ ಸೂಕ್ತ. ಅದರ ಕೆಲವು ಸೌಲಭ್ಯಗಳಿಗೆ ಹಣ ತೆರಬೇಕು. ಕ್ಯಾಮೆರಾದಲ್ಲಿ ಬರೆದು ಅಂತಿಮಗೊಳಿಸದೆ ಬಿಟ್ಟ ಚಿಕ್ಕ ಡಿ.ವಿ.ಡಿ.ಗಳಿಗೂ ಇದು ನೆರವಾಗುತ್ತದೆ. ಹಾಡಿನ ಸಿ.ಡಿ.ಗಳಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಉಪಯುಕ್ತ. ವಿಡಿಯೋದಲ್ಲಿ ಕೆಲವು ಖಂಡಗಳು ಸಿಗದಿದ್ದರೆ ಚಿತ್ರ ಕ್ಷಣಕಾಲ ಒಡೆದಂತೆ ಕಾಣುತ್ತದೆ, ಉಳಿದದ್ದು ನಡೆಯುತ್ತದೆ.

ಕೊನೆಯ ಉಪಾಯ

ಪ್ರತಿ ಮಾಡುವ ಪ್ರಯತ್ನ ವಿಫಲವಾದರೆ ಮಾತ್ರ ತಳಭಾಗವನ್ನು ಉಜ್ಜಬಹುದು. ಜೆಲ್ ಅಲ್ಲದ ಬಿಳಿಯ ಟೂತ್‌ಪೇಸ್ಟನ್ನು ಒದ್ದೆ ಬಟ್ಟೆಗೆ ಹಚ್ಚಿ, ಗೀರಿನ ಮೇಲೆ ಹಗುರವಾಗಿ, ಕೇಂದ್ರದಿಂದ ಹೊರಕ್ಕೆ ಕೆಲವು ನಿಮಿಷ ತಿಕ್ಕಿ ತೊಳೆಯಬೇಕು. ಇದು ಗೀರನ್ನು ತುಂಬುವುದಿಲ್ಲ. ಸುತ್ತಲಿನ ಪ್ಲಾಸ್ಟಿಕ್ಕನ್ನು ಸವೆಸಿ ಗೀರಿನ ಚೂಪಾದ ಅಂಚನ್ನು ತಗ್ಗಿಸುತ್ತದೆ. ಆದ್ದರಿಂದ ಅತಿಯಾಗಿ ಉಜ್ಜಿದರೆ ಹಾನಿಯೇ ಹೆಚ್ಚು. ಬ್ಲೂ-ರೇ ಬಿಲ್ಲೆಗಳಿಗೆ ಈ ವಿಧಾನ ಸಲ್ಲದು. ಅವುಗಳ ಮಾಹಿತಿ ಪದರದ ಮೇಲಿರುವ ಹೊದಿಕೆ 0.1 ಮಿ.ಮೀ. ಮಾತ್ರ.

ಉಳಿಸಿದ್ದನ್ನು ಕಾಪಾಡುವುದು

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಬಿಲ್ಲೆಗಳ ಸಂಗ್ರಹಕ್ಕೆ 4ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇ. 20ರಿಂದ 50ರಷ್ಟು ಸಾಪೇಕ್ಷ ಆರ್ದ್ರತೆಯನ್ನು ಸೂಚಿಸುತ್ತದೆ. ಕೊಡಗಿನ ಮುಂಗಾರಿನಲ್ಲಿ ಆರ್ದ್ರತೆಯನ್ನು ಈ ಮಿತಿಯಲ್ಲಿಡುವುದು ಕಷ್ಟ. ಬಿಲ್ಲೆಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೇರವಾಗಿ ನಿಲ್ಲಿಸಿಡುವುದು ಸರಳ ಪರಿಹಾರ. ಪೊಟ್ಟಣವನ್ನು ಆಗಾಗ ಬದಲಿಸುತ್ತಿರಬೇಕು.

ಒಂದೇ ಮನೆಯಲ್ಲಿ ಎಷ್ಟು ಪ್ರತಿಗಳಿದ್ದರೂ ಸಾಲದು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು. ಅದೇ ಮಳೆಗೆ ಸಿದ್ದಾಪುರ ಬಳಿಯ ಕರಡಿಗೋಡಿನಲ್ಲಿ ಕಾವೇರಿ ಉಕ್ಕಿ ಮನೆಗಳು ಜಲಾವೃತವಾದವು. ಇಂತಹ ಸಂದರ್ಭದಲ್ಲಿ ಕಪಾಟೂ ಉಳಿಯದು, ಕಂಪ್ಯೂಟರೂ ಉಳಿಯದು. ಆದ್ದರಿಂದ ಒಂದು ಪ್ರತಿಯನ್ನು ಮನೆಯ ಹಾರ್ಡ್ ಡಿಸ್ಕ್‌ನಲ್ಲಿಯೂ ಇನ್ನೊಂದನ್ನು ಮೈಸೂರು ಅಥವಾ ಬೆಂಗಳೂರಿನ ಬಂಧುಗಳ ಬಳಿಯಲ್ಲಿಯೂ ಇರಿಸುವುದು ಲೇಸು. ಕಡತಕ್ಕೆ ಹೆಸರಿಡುವಾಗ ಸಮಾರಂಭ, ವರ್ಷ ಹಾಗೂ ದೃಶ್ಯದಲ್ಲಿರುವವರ ವಿವರಗಳನ್ನು ಬರೆದಿಡಬೇಕು. ಮುಖಗಳನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಸುವುದು ಒಳಿತು.