ಲಡಾಖ್ ಚಳಿಗೆ ಹಳೇ ಡೀಸೆಲ್ ಲಾರಿ ಯಾಕೆ ಸ್ಟಾರ್ಟ್ ಆಗಲ್ಲ?
ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳಬೇಕು. ದ್ರಾಸ್‌ನಲ್ಲಿ ಚಳಿಗಾಲದ ರಾತ್ರಿ ತಾಪಮಾನ ಮೈನಸ್ 20 ಡಿಗ್ರಿಗಿಂತ ಕೆಳಗಿಳಿಯುತ್ತೆ. ಆಗ ತಣ್ಣಗಾದ ಲೋಹವೇ ಆ ಶಾಖವನ್ನು ಹೀರಿಕೊಳ್ಳುತ್ತೆ. ಬ್ಯಾಟರಿ ಸೊರಗುತ್ತೆ, ಆಯಿಲ್ ಮಂದವಾಗುತ್ತೆ, ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಹಳೇ ಗಾಡಿಯಲ್ಲಿ ಪಿಸ್ಟನ್ ರಿಂಗ್ ಸವೆದು ಒತ್ತಡವೂ ಕಮ್ಮಿ.

ಅದಕ್ಕೇ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವುದು, ಎಂಜಿನ್ ಕೆಳಗೆ ಬೆಂಕಿ ಹಾಕುವುದು. ಮೊದಲನೆಯದು ಇಂಧನ ಪಂಪನ್ನು ಸವೆಸುತ್ತೆ, ಎರಡನೆಯದು ಡ್ರೈವರ್ ಪ್ರಾಣಕ್ಕೇ ಅಪಾಯ. ಬ್ಯಾಟರಿಯನ್ನು ರಾತ್ರಿ ಬೆಚ್ಚಗಿಡುವುದು, ತೆಳು ಆಯಿಲ್, ಚಳಿಗಾಲದ ಡೀಸೆಲ್ – ಇವು ಸುರಕ್ಷಿತ ದಾರಿಗಳು.

ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ ಲಡಾಖಿನ ಜನರಿಗೆ ಬಂಕ್‌ಗಳಲ್ಲಿ ಸಿಕ್ಕಿದ್ದು 2019ರ ನವೆಂಬರ್‌ನಲ್ಲಿ. ಗಡಿಯ ಬಗ್ಗೆ ಭಾಷಣ ಕೇಳುವಾಗ, ಅಲ್ಲಿಗೆ ತರಕಾರಿ, ಔಷಧಿ ಹೊರುವ ಲಾರಿ ಬೆಳಗ್ಗೆ ಸ್ಟಾರ್ಟ್ ಆಯ್ತಾ ಅಂತಲೂ ಕೇಳಬೇಕು.