ಪತ್ರಿಕೆಯನ್ನು ಕೊಳ್ಳುವುದೆಂದರೇನು?

ಇಂಡಿಯಲ್ಲಿರುವ ನನ್ನ ಶಿಷ್ಯನೊಬ್ಬನು ಮೊನ್ನೆ ಬಂದು, “ಗುರುಗಳೇ, ನಮ್ಮ ಸೀಮೆಯ ಮಾಸಪತ್ರಿಕೆಯೊಂದು ಹೆಸರು, ಹಕ್ಕುಗಳ ಸಹಿತ ಮಾರಾಟಕ್ಕಿದೆ, ಕೊಳ್ಳಲೋ ಬೇಡವೋ?” ಎಂದು ಕೇಳಿದನು. ವ್ಯಾಪಾರವನ್ನು ನಾನರಿಯೆನು, ನಮ್ಮ ಜಿಲ್ಲೆಯ ಇತಿಹಾಸದಿಂದಲೇ ಉತ್ತರ ಹೇಳಿದೆನು.

ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡವೋಲೆಗಳಿಂದ ಸಂಗ್ರಹಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರಸ್ಥಳದ ಅಚ್ಚುಕೂಟವನ್ನು ನೆಚ್ಚಿ ನಿರಂತರ ಕಾರ್ಯವು ಸಾಗದಷ್ಟೆ! ಅವರು ಸ್ವಂತ ಮನೆಯನ್ನೇ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ವಿಜಾಪುರದಲ್ಲಿ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ವೂ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಹೊರಟವು.

ಈ ಕ್ರಮವನ್ನು ವಾಚಕರು ಗಮನಿಸಬೇಕು: ಮೊದಲು ವಿಷಯ, ಬಳಿಕ ಮುದ್ರಣ, ಕೊನೆಗೆ ಪತ್ರಿಕೆಯ ಹೆಸರು. ನನ್ನ ಶಿಷ್ಯನಾದರೋ ಹೆಸರಿನಿಂದಲೇ ತೊಡಗಬೇಕೆಂದಿದ್ದನು.

“ವರ್ಗಣಿದಾರರ ಯಾದಿಯನ್ನು ತರಿಸು, ಹೋದ ವರ್ಷ ಹಣ ಕೊಟ್ಟವರನ್ನು ಮಾತ್ರ ಎಣಿಸು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನಿನಗಾಗಿ ಬರೆಯುವವರಾರೆಂದು ವಿಚಾರಿಸು. ಆಮೇಲೆ, ಮನೆ ಮಾರಿಯಾದರೂ ಹೇಳತಕ್ಕ ಮಾತು ನಿನ್ನಲ್ಲಿದೆಯೇ ಎಂದು ನಿನ್ನನ್ನೇ ಕೇಳಿಕೋ. ಇದ್ದರೆ ಹೆಸರನ್ನು ನೀನೇ ಇಡಬಹುದು, ಇಲ್ಲದಿದ್ದರೆ ಕೊಂಡ ಹೆಸರೂ ಉಳಿಯದು” ಎಂದೆನು.

ಅವನು ನಮಸ್ಕರಿಸಿ ಹೋದನು. ಯಾದಿಯನ್ನು ತರಿಸಿದನೆಂದು ಕೇಳಿದ್ದೇನೆ.