ವೈದ್ಯವಿದ್ಯೆಯಲ್ಲಿ ಆಯ್ಕೆಯ ಅವಧಿ

ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಆ ಮೊದಲ್ಗೊಂಡು ಬಹುಕಾಲ, ವಿದ್ಯಾರ್ಥಿಯು ಯಾವ ವಾರ್ಡಿನಲ್ಲಿ ಎಷ್ಟು ದಿನ ಕಲಿಯತಕ್ಕದ್ದೆಂಬುದನ್ನು ಪಾಠಕ್ರಮವೇ ಗೊತ್ತುಪಡಿಸುತ್ತಿದ್ದಿತು.

ಭಾರತೀಯ ವೈದ್ಯಕೀಯ ಪರಿಷತ್ತಿನ 2019ರ ನಿಯಮಗಳು ಎಂ.ಬಿ.ಬಿ.ಎಸ್. ವ್ಯಾಸಂಗದಲ್ಲಿ ಎರಡು ತಿಂಗಳ ಐಚ್ಛಿಕಾಭ್ಯಾಸವನ್ನು ಏರ್ಪಡಿಸಿದುವು. ಮೊದಲ ತಿಂಗಳು ಪ್ರಯೋಗಶಾಲೆಗೆ ಅಥವಾ ಸಂಶೋಧನೆಗೆ. ಎರಡನೆಯದು ರೋಗಿಗಳ ಸನ್ನಿಧಿಗೆ. ಈ ಎರಡನೆಯದರಲ್ಲಿ ವಿಶೇಷ ವಿಭಾಗ, ತುರ್ತುಚಿಕಿತ್ಸೆ, ರಕ್ತನಿಧಿಗಳೊಡನೆ ಹಳ್ಳಿಯ ಚಿಕಿತ್ಸಾಲಯವೂ ಸೇರಿದ್ದಿತು. ನೂರಕ್ಕೆ 75ರಷ್ಟು ಹಾಜರಿಯೂ ದಿನಚರಿ ಪುಸ್ತಕವೂ ಇಲ್ಲದವರಿಗೆ ಅಂತಿಮ ಪರೀಕ್ಷೆಗೆ ಅರ್ಹತೆ ಇರಲಿಲ್ಲ. 2023ರಲ್ಲಿ ಈ ಅವಧಿಯು 15 ದಿನಗಳ ಎರಡು ಭಾಗಗಳಿಗೆ ಇಳಿಯಿತು.

ಕಾಲವು ಅಲ್ಪವಾದಷ್ಟೂ ಆಯ್ಕೆಯ ಹೊಣೆಯು ಹಿರಿದಾಗುವುದು. ನಗರದ ದೊಡ್ಡ ಆಸ್ಪತ್ರೆಯ ಹೆಸರಿಗೆ ಮನಸೋಲುವುದು ಸಹಜ. ಆದರೆ ಹಳ್ಳಿಯು ವೈದ್ಯವಿದ್ಯೆಗೆ ಕಲಿಸಿದ್ದೂ ಅಲ್ಪವಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು, ನೆಲಮಂಗಲವು ಸೇರಿದ್ದ ಅಂದಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ 1968ರವರೆಗೆ ಕ್ಷಯದ ಗತಿಯನ್ನು ಪುನಃಪುನಃ ಪರೀಕ್ಷಿಸಿತು. ಆಸ್ಪತ್ರೆಗೆ ಬಾರದ ರೋಗಿಯನ್ನು ಅವನ ಮನೆಯ ಬಾಗಿಲಲ್ಲಿಯೇ ಕಂಡುದರಿಂದ ದೊರೆತ ಅರಿವು ಅದು.

ಇಂದು ನೆಲಮಂಗಲ ತಾಲ್ಲೂಕಿನ ಟಿ. ಬೇಗೂರಿನಲ್ಲಿಯೇ ವೈದ್ಯಕೀಯ ಕಾಲೇಜೊಂದಿರುವುದು. ಅದರ ಸುತ್ತಲೂ ಹಳ್ಳಿಗಳಿರುವುವು. ತಾನು ಮುಂದೆ ಯಾವ ವಿಭಾಗದ ತಜ್ಞನಾಗಲೆಣಿಸಿದರೂ, ಹದಿನೈದು ದಿನಗಳನ್ನು ಹಳ್ಳಿಯ ರೋಗಿಗಳ ನಡುವೆ ಕಳೆಯುವ ಅವಕಾಶ ದೊರೆತಲ್ಲಿ ವಿದ್ಯಾರ್ಥಿಯು ಅದನ್ನು ಬಿಡಬಾರದು. ರೋಗವನ್ನು ಬಲ್ಲವರು ಅನೇಕರು. ರೋಗಿಯು ಬಂದ ದಾರಿಯನ್ನು ಬಲ್ಲವರು ವಿರಳ.